ಮಾತ್ರೆ ಬಿಟ್ಟವಳ ಮೂರು ಕುಬಸ

ಎಲ್ಲರ ಮನೆಯಲ್ಲೂ ಮಗು ಹುಟ್ಟಿದ ಮೇಲೆ ತಮಾಷೆ ಶುರುವಾಗುತ್ತದಂತೆ. ನಮ್ಮ ಮನೆಯಲ್ಲಿ ಮಗು ಹುಟ್ಟಲಿ ಎಂದು ಮನಸ್ಸು ಮಾಡಿದ ದಿನವೇ ಶುರುವಾಗಿಬಿಟ್ಟಿತು. ಮದುವೆಯಾದ ಮೇಲೆ ಮೂರು ವರ್ಷ ನಾನು ದಿನಾ ಊಟವಾದ ಕೂಡಲೇ ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದೆ. ಆ ಮೂರು ವರ್ಷದಲ್ಲಿ ನಾಲ್ಕು ಜನರ ಮುಂದೆ ಹೇಳಿ ನಗುವಂಥದ್ದು ಒಂದೂ ನಡೆಯಲಿಲ್ಲ. ಮಾತ್ರೆ ಬಿಟ್ಟೆ ನೋಡಿ, ಒಂದಾದ ಮೇಲೆ ಒಂದು.

ನಾನು ಹೊಸಪೇಟೆಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಮಷೀನ್ ಇಟ್ಟುಕೊಂಡು ಬ್ಲೌಸ್ ಹೊಲಿಯುವವಳು. ಗಂಡನಿಗೆ ತೋರಣಗಲ್ಲಿನ ಕಡೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಮನೆಯಲ್ಲಿ ನಾವಿಬ್ಬರು, ಜೊತೆಗೆ ಅತ್ತೆ. ಗೋಡೆಯಾಚೆ ಪಕ್ಕದ ಮನೆಯ ಅಜ್ಜಿ. ಗೋಡೆಯಾಚೆ ಎನ್ನುವುದು ಹೆಸರಿಗೆ ಮಾತ್ರ, ಹಗಲೆಲ್ಲ ಅಜ್ಜಿ ಈಚೆಗೇ ಇರುತ್ತಾಳೆ.

ಮಗು ಬೇಕು ಎಂದು ನನಗೂ ನನ್ನ ಗಂಡನಿಗೂ ವಿಪರೀತ ಆಸೆ. ಆದರೆ ಮಾತ್ರೆ ಬಿಟ್ಟಿದ್ದನ್ನು ಯಾರಿಗೂ ಹೇಳುವುದು ಬೇಡ ಎಂದು ಇಬ್ಬರೂ ಮಾತಾಡಿಕೊಂಡಿದ್ದೆವು. ಹೇಳಿದರೆ ಪ್ರತಿ ತಿಂಗಳೂ ಹತ್ತು ಜನ ನನ್ನ ಮುಖ ನೋಡುತ್ತಾರೆ, ಆಗದಿದ್ದರೆ ಆ ಮುಖ ಎಲ್ಲಿ ಇಟ್ಟುಕೊಳ್ಳಲಿ ಎಂಬ ಭಯ ನನಗೆ. ಈ ಗುಟ್ಟನ್ನು ನಾವು ಎಷ್ಟು ಚೆನ್ನಾಗಿ ಕಾಪಾಡಿಕೊಂಡೆವು ಎಂಬುದನ್ನು ನೀವೇ ನೋಡಿ.

ಖಾಯಂ ಗಿರಾಕಿ

ನಮ್ಮ ಓಣಿಯ ತಿರುವಿನಲ್ಲಿ ಒಂದು ಮೆಡಿಕಲ್ ಶಾಪ್ ಇದೆ. ಅದರ ಮಾಲೀಕ ಬಲು ಮರ್ಯಾದಸ್ಥ. ನಾನು ಹೋಗಿ "ಅದು" ಎಂದರೆ ಸಾಕು, ಬೇರೆ ಕಡೆ ಮುಖ ತಿರುಗಿಸಿಕೊಂಡು ಮಾತ್ರೆ ತೆಗೆಯುತ್ತಿದ್ದ. ಮೊದಲು ಪೇಪರಿನಲ್ಲಿ ಸುತ್ತಿ, ಅದನ್ನು ಕಪ್ಪು ಕವರಿಗೆ ಹಾಕಿ, ಮೇಲೊಂದು ರಬ್ಬರ್ ಬ್ಯಾಂಡ್ ಬಿಗಿದು ಕೊಡುತ್ತಿದ್ದ. ನೋಡಿದವರು ಒಳಗೆ ಬಾಂಬ್ ಇದೆ ಅಂದುಕೊಳ್ಳಬೇಕು. ಮೂರು ವರ್ಷ ಒಂದು ಮಾತಿಲ್ಲದೆ ನಮ್ಮ ವ್ಯವಹಾರ ನಡೆದಿತ್ತು.

ಮಾತ್ರೆ ಬಿಟ್ಟ ಮೇಲೆ ನಾನು ಆ ಕಡೆ ಹೋಗಲಿಲ್ಲ. ಒಂದು ಸಂಜೆ ನಾನು, ನನ್ನ ಗಂಡ, ಅತ್ತೆ ಮೂವರೂ ಸಂತೆಯಿಂದ ಕಾಯಿಪಲ್ಯ ಹಿಡಿದುಕೊಂಡು ಬರುತ್ತಿದ್ದಾಗ ಆತ ಅಂಗಡಿಯಿಂದ ಇಳಿದು ರಸ್ತೆಗೇ ಬಂದುಬಿಟ್ಟ. ನನ್ನ ಗಂಡನ ಕೈ ಹಿಡಿದುಕೊಂಡು ಕೇಳಿದ.

"ಸಾರ್, ನಮ್ಮಿಂದ ಏನರ ತಪ್ಪಾತೇನ್ರಿ? ಅಕ್ಕಾರು ಎರಡು ತಿಂಗಳಿಂದ ಬಂದಿಲ್ಲ. ಆ ಕಡಿ ಅಂಗಡಿಗೆ ಹೋಗಾಕತ್ತಾರೇನು?"

ಹಾಗೇನಿಲ್ಲ ಎಂದು ನನ್ನ ಗಂಡ ಕೈ ಬಿಡಿಸಿಕೊಳ್ಳಲು ನೋಡಿದರು. ಆತ ಬಿಡಲಿಲ್ಲ. ಆ ಮಾಲು ಈ ಓಣಿಯಲ್ಲಿ ಬೇರೆ ಯಾರೂ ಒಯ್ಯುವುದಿಲ್ಲ, ನಮ್ಮೊಬ್ಬರ ಸಲುವಾಗಿಯೇ ಬಳ್ಳಾರಿಯಿಂದ ತರಿಸಿಡುತ್ತಾನೆ, ಈಗ ಡಬ್ಬಿ ಹಾಗೇ ಕೂತಿದೆ ಎಂದು ಅವನ ಸಂಕಟ. ಅತ್ತೆ ಚೀಲವನ್ನು ಕೆಳಗಿಟ್ಟು, ಅದು ಯಾತರ ಮಾತ್ರೆ ಎಂದು ಕೇಳಿದರು. ನನ್ನ ಗಂಡನ ಬಾಯಿಂದ "ತಲಿನೋವಿಂದು" ಎಂದು ಬಂತು. ಆಗ ಆತನಿಗೆ ತಾನು ಏನು ಮಾಡಿದೆ ಎಂದು ಹೊಳೆದು, ಹೌದು ಅಮ್ಮಾ, ಬರೀ ತಲೆನೋವಿನದು ಎಂದು ಇನ್ನೂ ಜೋರಾಗಿ ಹೇಳಿ ಅಂಗಡಿಯೊಳಗೆ ಓಡಿದ.

ಮನೆ ಮುಟ್ಟಿದ ಮೇಲೆ ಅತ್ತೆ ಬದನೆಕಾಯಿ ಬುಟ್ಟಿಗೆ ಸುರಿಯುತ್ತಾ ನಿಧಾನಕ್ಕೆ ಹೇಳಿದರು: "ಮೂರು ವರ್ಷದ ತಲಿನೋವು ಹೋತಲ್ಲ, ಚಲೋ ಆತು. ಇನ್ನ ಖರೇ ತಲಿನೋವು ಬರೂದು ಬಾಕಿ ಐತಿ."

ತಿಂಗಳ ಪೂಜೆ

ಲೇಡಿ ಡಾಕ್ಟರ್ ಲೆಕ್ಕ ಹಾಕಿ ಕೆಲವು ದಿನ ಗುರುತು ಮಾಡಿಕೊಟ್ಟಿದ್ದರು. ತಿಂಗಳಿನಲ್ಲಿ ಈ ಐದಾರು ದಿನ ಬಲು ಮುಖ್ಯ, ತಪ್ಪಿಸಬೇಡಿ ಎಂದಿದ್ದರು. ತಪ್ಪಿಸುವ ಮನಸ್ಸು ನಮಗೂ ಇರಲಿಲ್ಲ. ಆದರೆ ಕಾರ್ಖಾನೆಯ ಶಿಫ್ಟ್ ಹಾಕುವವರಿಗೆ ನನ್ನ ದಿನಗಳು ಹೇಗೋ ಗೊತ್ತಾಗುತ್ತಿದ್ದವೋ ಏನೋ, ಸರಿಯಾಗಿ ಆ ವಾರವೇ ನನ್ನ ಗಂಡನಿಗೆ ರಾತ್ರಿ ಪಾಳಿ ಬೀಳುತ್ತಿತ್ತು. ಅವರು ಬೆಳಿಗ್ಗೆ ಕೆಂಪು ಧೂಳು ಮೆತ್ತಿಕೊಂಡು ಬಂದು ಮಲಗಿದರೆ ಎಬ್ಬಿಸಲು ಆನೆ ಬೇಕು.

ಕೊನೆಗೆ ಅವರು ಒಬ್ಬ ಸಹೋದ್ಯೋಗಿಯನ್ನು ಹಿಡಿದು ಶಿಫ್ಟ್ ಬದಲಿ ಕೇಳಿದರು. ಆತ ಕುರೆಕುಪ್ಪದವನು, ಒಳ್ಳೆಯವನು, ಕಾರಣ ಏನೆಂದು ಮಾತ್ರ ಕೇಳಿದ. ಮನೆಯಲ್ಲಿ ಪೂಜೆ ಇದೆ ಎಂದರು ಇವರು. ಮುಂದಿನ ತಿಂಗಳು ಮತ್ತೆ ಕೇಳಿದರು, ಮತ್ತೆ ಪೂಜೆ. ಅದರ ಮುಂದಿನ ತಿಂಗಳೂ ಪೂಜೆ. ಆತ ಒಮ್ಮೆಯೂ ಇಲ್ಲ ಎನ್ನಲಿಲ್ಲ. ಇಷ್ಟು ನಿಷ್ಠೆಯಿಂದ ದೇವರ ಪೂಜೆ ಮಾಡುವವರು ಈ ಕಾಲದಲ್ಲಿ ಎಲ್ಲಿದ್ದಾರೆ ಎಂದು ಕ್ಯಾಂಟೀನಿನಲ್ಲಿ ಎಲ್ಲರ ಮುಂದೆ ಹೊಗಳಿದ.

ಅದರ ಫಲ ನಾಲ್ಕನೆಯ ತಿಂಗಳು ಸಿಕ್ಕಿತು. ನಾನು ತಲೆಗೆ ನೀರು ಹಾಕಿಕೊಂಡು, ಮಲ್ಲಿಗೆ ಮುಡಿದು, ಹೊಸ ಚಾದರ ಹಾಸಿ ಕೂತಿದ್ದೆ. ಅತ್ತೆಯನ್ನು ಅಜ್ಜಿಯ ಜೊತೆ ಭಜನೆಗೆ ಸಾಗಹಾಕಿದ್ದೆವು. ಯಾರೋ ಬಾಗಿಲು ಬಡಿದರು. ತೆಗೆದರೆ ಎರಡು ಬೈಕಿನಲ್ಲಿ ನಾಲ್ಕು ಜನ, ಎಲ್ಲರ ಕೈಯಲ್ಲೂ ತೆಂಗಿನಕಾಯಿ, ಊದುಬತ್ತಿ, ಬಾಳೆಹಣ್ಣು. ಪೂಜೆಗೆ ಬಂದಿದ್ದರು. ಶಿಫ್ಟ್ ಬದಲಿ ಕೊಟ್ಟವನು ಮಾತ್ರ ಬಂದಿರಲಿಲ್ಲ, ಪಾಪ, ಅವನು ನನ್ನ ಗಂಡನ ಪಾಳಿಗೆ ಹೋಗಿದ್ದ. ಪ್ರಸಾದ ಕಟ್ಟಿಸಿಕೊಂಡು ಬರಲು ಹೇಳಿ ಡಬ್ಬಿ ಕಳಿಸಿದ್ದ.

ನನ್ನ ಗಂಡ ಲುಂಗಿಯ ಮೇಲೊಂದು ಶಲ್ಯ ಹೊದ್ದು ದೇವರ ಮುಂದೆ ಕೂತು ಗಂಟೆ ಬಾರಿಸಿದರು. ಮಂತ್ರ ಬರುವುದಿಲ್ಲ, ಶಾಲೆಯಲ್ಲಿ ಕಲಿತ ಪ್ರಾರ್ಥನೆಯನ್ನೇ ಮೂರು ಸಲ ಹೇಳಿದರು. ನಾನು ಹೊಸ ಸೀರೆಯ ಸೆರಗು ಸಿಕ್ಕಿಸಿಕೊಂಡು ಆರು ಜನಕ್ಕಾಗುವಷ್ಟು ಕೇಸರಿಬಾತ್ ತಿರುವಿದೆ. ಎಲ್ಲರೂ ಹೊಟ್ಟೆ ತುಂಬ ತಿಂದು, ಮೇಲೊಂದು ಮಿರ್ಚಿ ಇದ್ದರೆ ಮಸ್ತ್ ಇತ್ತು ಎಂದು ನಕ್ಕು, ಅತ್ತೆ ಭಜನೆ ಮುಗಿಸಿ ಬಂದ ಮೇಲೆಯೇ ಎದ್ದರು.

ಹೋಗುವಾಗ ಅವರಲ್ಲಿ ಹಿರಿಯನೊಬ್ಬ ನಮ್ಮಿಬ್ಬರಿಗೂ ಕೈ ಮುಗಿದು ಹೇಳಿದ: "ನಿಮ್ಮ ಮನಸ್ಸಿನಾಗ ಏನೈತೋ ಅದನ್ನ ದೇವ್ರು ಕೊಡ್ಲಿ. ಮುಂದಿನ ತಿಂಗ್ಳದ ಪೂಜಿಗೆ ಹೆಂಡ್ರು ಮಕ್ಕಳನ್ನೂ ಕರಕೊಂಡು ಬರ್ತೀವ್ರಿ."

ಗೋಡೆಗೆ ಕಾಲು

ನನ್ನ ಗಿರಾಕಿಯೊಬ್ಬಳು ಬ್ಲೌಸಿನ ಅಳತೆ ಕೊಡುತ್ತಾ ಒಂದು ಉಪಾಯ ಹೇಳಿದ್ದಳು. ಆದ ಮೇಲೆ ಕೂಡಲೇ ಏಳಬಾರದು, ಸೊಂಟದ ಕೆಳಗೆ ದಿಂಬು ಇಟ್ಟು ಕಾಲೆರಡನ್ನೂ ಗೋಡೆಗೆ ಎತ್ತಿ ಮಲಗಬೇಕು ಅಂತ. ಡಾಕ್ಟರಮ್ಮ ಇದನ್ನು ಹೇಳಿರಲಿಲ್ಲ. ಆದರೆ ಗೋಡೆ ಇದೆ, ಕಾಲಿದೆ, ಹೋಗುವುದೇನು ಎಂದು ನಾನೂ ಎತ್ತಿದೆ.

ಗಂಡ ಮಧ್ಯಾಹ್ನದ ಪಾಳಿಗೆ ಹೊರಟವರು ಬಾಗಿಲು ಮುಂದೆ ಮಾಡದೆ ಹೋಗಿದ್ದಾರೆ. ಅತ್ತೆ ಸಜ್ಜಕ ಮಾಡಲು ಬೆಲ್ಲ ಎಲ್ಲಿದೆ ಎಂದು ಕೇಳಲು ಒಳಗೆ ಬಂದರು. ಸೊಸೆ ಗೋಡೆಗೆ ಕಾಲು ಏರಿಸಿ ಮಲಗಿದ್ದಾಳೆ. ನಾನು ಗಾಬರಿಯಲ್ಲಿ, ದಿನವೆಲ್ಲ ಮಷೀನ್ ತುಳಿದು ಕಾಲು ಬಾತಿವೆ, ಹೀಗೆ ಮಾಡಿದರೆ ರಕ್ತ ಇಳಿಯುತ್ತದೆ ಎಂದೆ. ಅತ್ತೆ ಒಂದು ಗಳಿಗೆ ನಿಂತು ನೋಡಿದರು. ಆಮೇಲೆ ಸೆರಗು ಸಿಕ್ಕಿಸಿ ನನ್ನ ಪಕ್ಕದಲ್ಲೇ ಮಲಗಿ ತಾವೂ ಕಾಲು ಎತ್ತಿಬಿಟ್ಟರು. ಅವರ ಕಾಲು ನಿಜಕ್ಕೂ ಬಾತಿದ್ದವು. ಭಾಳ ಆರಾಮ ಆತು ಎಂದು ಕಣ್ಣು ಮುಚ್ಚಿದರು.

ಮರುದಿನ ಅಜ್ಜಿಗೆ ಹೇಳಿಕೊಟ್ಟರು. ಅಜ್ಜಿ ಹಾಲಿನವಳಿಗೆ, ಹಾಲಿನವಳು ಹೂವಿನವಳಿಗೆ. ಒಂದು ವಾರದಲ್ಲಿ ಮಧ್ಯಾಹ್ನದ ಊಟವಾದ ಮೇಲೆ ನಮ್ಮ ಓಣಿಯ ಯಾವ ಮನೆಯಲ್ಲಿ ಇಣುಕಿದರೂ ಒಬ್ಬ ಹೆಂಗಸು ಗೋಡೆಗೆ ಕಾಲು ಹಚ್ಚಿ ಮಲಗಿರುತ್ತಿದ್ದಳು. ಎಲ್ಲರಿಗೂ ಆರಾಮವಾಯಿತು. ಆ ತಿಂಗಳು ಓಣಿಯಲ್ಲಿ ಯಾರೂ ಬಸುರಾಗಲಿಲ್ಲ, ಎಲ್ಲರೂ ಅರವತ್ತು ದಾಟಿದವರು.

ಗುಡ್ಡದ ಮೇಲೆ

ಕಂಪ್ಲಿಯಲ್ಲಿ ಅಕ್ಕಿಗಿರಣಿಯ ಮನೆಗೆ ಮದುವೆಯಾಗಿ ಹೋದ ನಾದಿನಿ ತನ್ನ ಇಬ್ಬರು ಮಕ್ಕಳನ್ನು ಕರೆದುಕೊಂಡು ರಜೆಗೆ ಬಂದಿದ್ದಳು. ಎಲ್ಲರೂ ಸೇರಿ ಹಂಪಿಗೆ ಹೋದೆವು. ಅಲ್ಲಿ ಗುಡ್ಡದ ಮೇಲೆ ಒಂದು ಗುಡಿ, ಗುಡಿಯ ಹಿಂದೆ ಬಂಡೆ, ಬಂಡೆಯ ಪಕ್ಕ ಒಂದು ಮರ. ಮನೆ ಬೇಕು ಎನ್ನುವವರು ಬಂಡೆಯ ಮೇಲೆ ಸಣ್ಣ ಕಲ್ಲುಗಳನ್ನು ಒಂದರ ಮೇಲೊಂದು ಇಡುತ್ತಾರೆ. ಮಗು ಬೇಕು ಎನ್ನುವವರು ಮರಕ್ಕೆ ಬಟ್ಟೆಯ ತೊಟ್ಟಿಲು ಕಟ್ಟುತ್ತಾರೆ.

ನಾನು ಯಾರಿಗೂ ಗೊತ್ತಾಗದಂತೆ ಮನೆಯಿಂದಲೇ ತೊಟ್ಟಿಲು ಹೊಲಿದುಕೊಂಡು ಹೋಗಿದ್ದೆ. ಉಳಿದ ರೇಷ್ಮೆ ತುಂಡು, ಒಳಗೆ ಲೈನಿಂಗ್, ಸುತ್ತ ಪೈಪಿಂಗ್. ಮರದಲ್ಲಿ ಜೋತಾಡುತ್ತಿದ್ದ ಉಳಿದ ತೊಟ್ಟಿಲುಗಳ ಮುಂದೆ ನನ್ನದು ಮದುವೆ ಮನೆಯದರಂತೆ ಕಾಣುತ್ತಿತ್ತು. ಆದರೆ ಕೈಗೆ ಎಟುಕುವ ಕೊಂಬೆಗಳೆಲ್ಲ ತುಂಬಿದ್ದವು. ನಾನು ಕುಳ್ಳಿ. ಎಗರಿ ಎಗರಿ ಸಾಕಾಗಿ ನಿಂತಾಗ ನಾದಿನಿ ಬಂದು ನೋಡಿ, ಏನೂ ಕೇಳದೆ ತೊಟ್ಟಿಲನ್ನು ನನ್ನ ಕೈಯಿಂದ ತೆಗೆದುಕೊಂಡಳು. ಅವಳು ಎತ್ತರದ ಹೆಂಗಸು. ಮೇಲಿನ ಕೊಂಬೆಗೆ ಎರಡು ಗಂಟು ಹಾಕಿ ಬಿಗಿಯಾಗಿ ಕಟ್ಟಿ ಕೈ ಮುಗಿದಳು. ಅತ್ತ ನನ್ನ ಗಂಡ ಹೊತ್ತು ಹೋಗಲಿ ಎಂದು ಮಕ್ಕಳ ಜೊತೆ ಕೂತು ಕಲ್ಲು ಜೋಡಿಸುತ್ತಿದ್ದರು. ಮೂರು ಅಂತಸ್ತು ಏರಿಸಿ, ಬೀಳದಂತೆ ಕೆಳಗೊಂದು ಚಪ್ಪಟೆ ಕಲ್ಲು ಕೊಟ್ಟು, ಭಾಳ ಗಟ್ಟಿ ಕಟ್ಟಡ ಎಂದು ಫೋಟೊ ಕೂಡ ತೆಗೆದುಕೊಂಡರು.

ಎರಡು ತಿಂಗಳಿಗೆ ಒಂದೇ ವಾರದಲ್ಲಿ ಎರಡು ಫೋನ್ ಬಂದವು. ಮೊದಲನೆಯದು ಕಾರ್ಖಾನೆಯಿಂದ. ಅರ್ಜಿ ಹಾಕಿ ಮರೆತೇ ಹೋಗಿದ್ದ ಕ್ವಾರ್ಟರ್ಸ್ ನನ್ನ ಗಂಡನಿಗೆ ಸಿಕ್ಕಿತ್ತು. ಎರಡನೆಯದು ಕಂಪ್ಲಿಯಿಂದ.

"ಅತ್ತಿಗಿ," ಎಂದಳು ನಾದಿನಿ, ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ, "ಆ ತೊಟ್ಲ ನನ್ನ ಕೈಯಾಗ ಯಾಕ ಕೊಟ್ಟೆವ್ವ? ನನಗ ಮೂರನೇದು ಬ್ಯಾಡಾಗಿತ್ತು."

ನಾನು ಅವಳ ಜೊತೆ ಸೇರಿ ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಫೋನಿಟ್ಟ ಮೇಲೆ ಮಷೀನಿನ ಮುಂದೆ ಕೂತೆ, ಸೂಜಿಗೆ ದಾರ ಪೋಣಿಸಲು ಆಗಲಿಲ್ಲ, ಕಣ್ಣು ತುಂಬಿಕೊಂಡಿದ್ದವು. ಅವಳ ಮೇಲೆ ಹೊಟ್ಟೆಕಿಚ್ಚು ಅಲ್ಲ. ನನಗೆ ಯಾವಾಗ ಎಂಬ ಒಂದೇ ಪ್ರಶ್ನೆ. ನಾದಿನಿಗೆ ವಾಂತಿ ಜಾಸ್ತಿ ಎಂದು ಅತ್ತೆ ಬ್ಯಾಗು ಕಟ್ಟಿಕೊಂಡು ಕಂಪ್ಲಿಗೆ ಹೋದರು. ಕ್ವಾರ್ಟರ್ಸಿಗೆ ನಾವು ಹೋಗಲಿಲ್ಲ, ನನ್ನ ಗಿರಾಕಿಗಳೆಲ್ಲ ಇಲ್ಲಿಯೇ ಇದ್ದಾರೆ.

ದೇವರ ತಪ್ಪೇನೂ ಇಲ್ಲ ಅನ್ನಿ. ಕೇಳಿದ್ದೆಲ್ಲ ಕೊಟ್ಟ. ಮನೆ ಗಂಡನಿಗೆ, ಮಗು ನಾದಿನಿಗೆ, ಅಷ್ಟು ಮೆಟ್ಟಿಲು ಹತ್ತಿದ್ದಕ್ಕೆ ಮಂಡಿನೋವು ನನಗೆ.

ಮಂಗಗಳ ಕಾಟ

ಮತ್ತೆ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ನೋಡಿ, ಎಲ್ಲ ಸರಿಯಿದೆ, ಮಾತ್ರೆ ಬಿಟ್ಟ ಮೇಲೆ ಕೆಲವರಿಗೆ ಬೇಗ ಆಗುತ್ತದೆ, ಕೆಲವರಿಗೆ ತುಸು ತಡ, ಹೆದರಬೇಡ ಎಂದರು. ಫೋಲಿಕ್ ಆಸಿಡ್ ಎಂಬ ಮಾತ್ರೆಯನ್ನು ಬಸುರಾಗುವ ಮೊದಲಿನಿಂದಲೇ ತೆಗೆದುಕೊಳ್ಳಬೇಕು, ಇವತ್ತಿನಿಂದಲೇ ಶುರು ಮಾಡು ಎಂದರು.

ಚೀಟಿ ಹಿಡಿದು ತಿರುವಿನ ಮೆಡಿಕಲ್ ಶಾಪಿಗೆ ಹೋದೆ. ಆತ ಚೀಟಿ ಓದಿದ, ಮುಖ ಅರಳಿತು. ಮೂರು ವರ್ಷದಲ್ಲಿ ಮೊದಲ ಸಲ ನನ್ನ ಮುಖವನ್ನು ನೇರ ನೋಡಿದ. ಪೇಪರ್ ಸುತ್ತಲಿಲ್ಲ, ಕಪ್ಪು ಕವರ್ ತೆಗೆಯಲಿಲ್ಲ. ಎರಡೂ ಕೈಯಲ್ಲಿ ಹಿಡಿದು, ಭಾಳ ಖುಷಿ ಆತ್ರಿ ಅಕ್ಕಾ ಎಂದು ಎಲ್ಲರೆದುರು ಕೊಟ್ಟ. ಪಕ್ಕದಲ್ಲಿ ಮಂಡಿಗೆ ಹಚ್ಚುವ ಮುಲಾಮು ಕೊಳ್ಳಲು ಅಜ್ಜಿ ನಿಂತಿದ್ದಳು. ಅವಳ ಮೊಮ್ಮಗಳು ಬಸುರಿಯಾದಾಗ ಇದೇ ಮಾತ್ರೆ ತೆಗೆದುಕೊಂಡಿದ್ದಳು. ಅಜ್ಜಿ ಮಾತ್ರೆ ನೋಡಿದಳು, ನನ್ನನ್ನು ನೋಡಿದಳು, ಒಂದು ಮಾತೂ ಆಡಲಿಲ್ಲ. ಅಜ್ಜಿ ಮಾತಾಡದೆ ಇದ್ದಾಗಲೇ ನಾನು ಹೆದರಬೇಕಿತ್ತು.

ನಮ್ಮ ಕಡೆ ಬಸುರಾದ ಸುದ್ದಿಯನ್ನು ಮೊದಮೊದಲು ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ, ಕೇಳಿದರೆ ದೃಷ್ಟಿಯಾಗುತ್ತದೆ. ಹಾಗಾಗಿ ಅಜ್ಜಿ ನನ್ನನ್ನು ಬಿಟ್ಟು ಉಳಿದ ಎಲ್ಲರಿಗೂ ಹೇಳಿದಳು. ಬಂಡ್ರಿಯಲ್ಲಿರುವ ನನ್ನ ಅವ್ವನಿಗೆ ಫೋನ್, ಕಂಪ್ಲಿಯಲ್ಲಿರುವ ಅತ್ತೆಗೆ ಫೋನ್, ಓಣಿಗೆ ಫೋನು ಬೇಕಿರಲಿಲ್ಲ. ಒಬ್ಬೊಬ್ಬರಿಗೂ ನೀ ಕೇಳಬ್ಯಾಡ, ಹುಡುಗಿ ತಾನಾಗಿ ಹೇಳ್ತಾಳ ಎಂದು ಆಣೆ ಹಾಕಿಸಿದ್ದಳು. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಆಗ ತಿಳಿದದ್ದು ಇಷ್ಟೇ, ನನ್ನ ಬ್ಲೌಸುಗಳು ಕಳೆಯತೊಡಗಿದವು. ಅವ್ವ ಒಂದು ದಿನ ಬಂದು ಹೋದಳು, ಕೆಂಪು ಬ್ಲೌಸ್ ಇಲ್ಲ. ಅತ್ತೆ ಬಟ್ಟೆ ಒಯ್ಯಲು ಬಂದು ಹೋದರು, ನೀಲಿಯದು ಇಲ್ಲ. ಆಮೇಲೆ ಮಾಳಿಗೆಯ ಮೇಲೆ ಒಣಗಲು ಹಾಕಿದ್ದ ಹಳದಿಯದೂ ಇಲ್ಲ. ನನ್ನ ಗಂಡ ಇದು ಮಂಗಗಳ ಕೆಲಸ ಎಂದರು. ಹಂಪಿಯಿಂದ ಹೊಟ್ಟೆಗಿಲ್ಲದ ಮಂಗಗಳು ಊರೊಳಗೆ ಬಂದಿವೆ ಎಂದು ಒಂದು ಕೋಲು ತಂದು ಮಾಳಿಗೆಯಲ್ಲಿ ಇಟ್ಟರು. ನಾನೂ ನಂಬಿ ಎರಡು ಮಂಗಗಳನ್ನು ಓಡಿಸಿದೆ. ಪಾಪದವು, ಬರೀ ಶೇಂಗಾ ತಿನ್ನುತ್ತಿದ್ದವು.

ಒಂದು ಮಧ್ಯಾಹ್ನ ಅಜ್ಜಿ ಗಿಳಿಹಸಿರು ಖಣ ಹಿಡಿದು ಬಂದಳು. ತಂಗಿಯ ಮೊಮ್ಮಗಳಿಗೆ ಒಂದು ಕುಬಸ ಹೊಲಿದು ಕೊಡಬೇಕು, ಬೇರೆಯವರ ಕೈಗೆ ಕೊಟ್ಟರೆ ಕಂಕುಳ ಕೆಡಿಸುತ್ತಾರೆ ಎಂದಳು. ಅಳತೆಗೆ ಒಂದು ಬ್ಲೌಸ್ ಕೊಟ್ಟಳು. ಬಿಡಿಸಿ ನೋಡಿದರೆ ನನ್ನ ಹಳದಿ ಬ್ಲೌಸ್. ನನ್ನ ಹೊಲಿಗೆ ನನಗೆ ಗೊತ್ತಾಗದೆ ಇರುತ್ತದೆಯೇ? ಇದು ನಿನಗೆ ಎಲ್ಲಿ ಸಿಕ್ಕಿತು ಎಂದೆ. ಅಜ್ಜಿಯ ಕಣ್ಣು ಕೂಡ ಮಿಟುಕಲಿಲ್ಲ.

"ಮಂಗ್ಯಾ ತಂದು ನಮ್ಮ ಮಾಳಿಗಿ ಮ್ಯಾಲ ಒಗದಿತ್ತು. ನೋಡ್ತೀನಿ, ಆ ಹುಡುಗಿ ಅಳತಿನೂ ಇದೇ. ಒಳಗ ನಾಕು ಬಟ್ಟು ಬಟ್ಟಿ ಬಿಡವ್ವ, ಬಸರಿ ಅದಾಳ, ಮುಂದ ಬಿಚ್ಚಾಕ ಬೇಕಾಗ್ತದ."

ಯಾರೋ ಅದೃಷ್ಟವಂತೆ ಎಂದುಕೊಂಡೆ. ಅವಳ ಮೇಲಿನ ಪ್ರೀತಿಯಿಂದಲೋ, ನನ್ನ ಸಂಕಟದಿಂದಲೋ, ಆ ಖಣವನ್ನು ನಾನು ಯಾವ ಮದುವಣಗಿತ್ತಿಗೂ ಹೊಲಿಯದಷ್ಟು ಚೆಂದ ಹೊಲಿದೆ. ತೋಳಿಗೆ ಮುತ್ತಿನ ಸಾಲು ಸೇರಿಸಿದೆ. ಪುಕ್ಕಟೆ ಕೊಟ್ಟೆ. ಹೀಗೆ ನನ್ನ ಕುಬಸವನ್ನು ನಾನೇ ಹೊಲಿದು, ಮೇಲೆ ಅಜ್ಜಿಯ ಕೈಯಲ್ಲಿ ಗುಂಡಿ ಸರಿಯಿಲ್ಲ ಎಂದು ಬೈಸಿಕೊಂಡೆ.

ಕಳ್ಳ ಕುಬಸ

ಬಸುರಿಗೆ ಏಳನೆಯ ತಿಂಗಳಲ್ಲಿ ಊರಿಗೆಲ್ಲ ಹೇಳಿ ಹಸಿರು ಸೀರೆ, ಹಸಿರು ಬಳೆ ಕೊಟ್ಟು ಕುಬಸ ಮಾಡುವುದು ಎಲ್ಲರಿಗೂ ಗೊತ್ತು. ನಮ್ಮಲ್ಲಿ ಅದಕ್ಕೂ ಮೊದಲು ಮೂರು ತುಂಬುತ್ತಿದ್ದಂತೆ ಕಳ್ಳ ಕುಬಸ ಎಂದು ಇನ್ನೊಂದಿದೆ. ತವರಿನವರು ಯಾರಿಗೂ, ಗಂಡನ ಮನೆಯವರಿಗೂ ಸುಳಿವು ಕೊಡದೆ ಬುತ್ತಿ ಕಟ್ಟಿಕೊಂಡು ಬಂದು, ಒಂದು ಹಸಿರು ಕುಬಸ ಉಡಿಗೆ ಹಾಕಿ, ಉಣ್ಣಿಸಿ ಹೋಗಿಬಿಡಬೇಕು. ಹೆಸರೇ ಕಳ್ಳ ಕುಬಸ, ಕೇಳಿ ಮಾಡುವಂತಿಲ್ಲ, ಹೇಳಿ ಮಾಡುವಂತಿಲ್ಲ.

ಹೊಸ ಮಾತ್ರೆ ಶುರು ಮಾಡಿ ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಮುಟ್ಟಾದೆ. ನಾಲ್ಕು ದಿನ ತಡವಾಗಿತ್ತು. ಆ ನಾಲ್ಕು ದಿನ ನಾನು ನೆಲದ ಮೇಲೆ ನಡೆದಿರಲಿಲ್ಲ ಅನ್ನಿ, ಮನಸ್ಸಿನಲ್ಲೇ ಹೆಸರಿಟ್ಟು, ಸ್ವೆಟರಿನ ಬಣ್ಣ ಆರಿಸಿ, ಶಾಲೆ ಯಾವುದು ಎನ್ನುವಲ್ಲಿಗೆ ಹೋಗಿದ್ದೆ. ಗಂಡ ಮೊದಲ ಪಾಳಿಗೆ ಹೋಗಿದ್ದರು. ಅವರಿಗೆ ಫೋನಿನಲ್ಲಿ ಹೇಳಲೂ ಧೈರ್ಯ ಬರಲಿಲ್ಲ. ಮಷೀನಿನ ಕೋಣೆಯ ಬಾಗಿಲು ತೆಗೆಯದೆ, ಹೊಟ್ಟೆಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ಒಳಗೆ ಬಿದ್ದುಕೊಂಡಿದ್ದೆ.

ಹಿತ್ತಲ ಬಾಗಿಲಿನಿಂದ ಅಜ್ಜಿ ಬಂದಳು, ಸೊಂಟದ ಮೇಲೆ ಒಂದು ಬುಟ್ಟಿ, ಮೇಲೆ ಬಿಳಿ ಬಟ್ಟೆ. ಏನು ಎನ್ನುವಷ್ಟರಲ್ಲಿ ಮುಂದಿನ ಬಾಗಿಲು ಬಡಿದ ಸದ್ದು, "ನಾನವ್ವ" ಎಂದು ನನ್ನ ಅವ್ವನ ದನಿ. ಅಜ್ಜಿ ಬೆಚ್ಚಿದಳು. ತವರಿನವರಿಗಿಂತ ಮೊದಲು ತಾನು ಕುಬಸ ತಂದದ್ದು ಗೊತ್ತಾದರೆ ಮರ್ಯಾದೆ ಹೋಗುತ್ತದೆಂದು ಬುಟ್ಟಿ ಸಮೇತ ಅಡುಗೆಮನೆಗೆ ಹೊಕ್ಕು ಬಾಗಿಲು ಎಳೆದುಕೊಂಡಳು. ನನಗೆ ಏನೂ ತಿಳಿಯಲಿಲ್ಲ.

ಅವ್ವ ಬಂಡ್ರಿಯಿಂದ ಮೊದಲ ಬಸ್ಸಿಗೆ ಬಂದಿದ್ದಳು, ಕೈಯಲ್ಲಿ ಇದಕ್ಕಿಂತ ದೊಡ್ಡ ಬುಟ್ಟಿ. ಒಳಗೆ ಬಂದು ನನ್ನ ಮುಖ ಎರಡೂ ಕೈಯಲ್ಲಿ ಹಿಡಿದು, ಎಷ್ಟು ಬಾಡಿದಿ, ಹಂಗ ಆಗ್ತದ ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಆಟೋ ನಿಂತಿತು. ಕಿಟಕಿಯಲ್ಲಿ ನೋಡಿದರೆ ಕಂಪ್ಲಿಯಿಂದ ಅತ್ತೆ, ಅವರ ಕೈಯಲ್ಲೂ ಬುಟ್ಟಿ. ಬೀಗತಿ ಬಂದಳು, ಕಳ್ಳ ಕುಬಸ ಅವಳ ಕಣ್ಣಿಗೆ ಬೀಳಬಾರದು ಎಂದು ಅವ್ವ ಬಚ್ಚಲಿಗೆ ಓಡಿ ಚಿಲಕ ಹಾಕಿಕೊಂಡಳು. ಕುಬಸ ಎಂಬ ಮಾತು ಕಿವಿಗೆ ಬಿದ್ದಾಗ ನನಗೆ ಎಲ್ಲ ಹೊಳೆಯಿತು. ಕೆಂಪು, ನೀಲಿ, ಹಳದಿ ಮೂರೂ ಬ್ಲೌಸ್ ಎಲ್ಲಿ ಹೋದವು ಎಂಬುದೂ ಹೊಳೆಯಿತು.

ಅತ್ತೆ ಯಾರೂ ಇಲ್ಲ ತಾನೆ ಎಂದು ಪಿಸುಗುಟ್ಟುತ್ತಾ ಬಂದು ಬುಟ್ಟಿ ಇಳಿಸಿದರು. ಬೀಗತಿಗಿಂತ ಮೊದಲು ಮಾಡಬೇಕೆಂದು ಬಂದೆ, ಅವಳಿಗೆ ಹೇಳಬೇಡ ಎಂದರು. ಬೀಗತಿ ಬಚ್ಚಲಲ್ಲಿ ಉಸಿರು ಬಿಗಿಹಿಡಿದಿದ್ದಳು. ತಟ್ಟೆ ತರಲು ಅತ್ತೆ ಅಡುಗೆಮನೆಯ ಬಾಗಿಲು ತಳ್ಳಿದರು. ಕತ್ತಲೆಯಲ್ಲಿ ಅಜ್ಜಿ ಬುಟ್ಟಿ ತಬ್ಬಿಕೊಂಡು ಕೂತಿದ್ದಳು.

ನೀ ಇಲ್ಲೇನು ಮಾಡುತ್ತಿ ಎಂದು ಕೇಳಿದ್ದಕ್ಕೆ ಉಪ್ಪು ಕೇಳಲು ಬಂದಿದ್ದೆ ಎಂದಳು ಅಜ್ಜಿ. ಬುಟ್ಟಿಯೊಳಗಿನ ಗುರೆಳ್ಳು ಚಟ್ನಿಪುಡಿಯ ಘಾಟಿಗೆ ಅವಳಿಗೆ ಜೋರಾಗಿ ಸೀನು ಬಂತು. ಆ ಸೀನಿಗೆ ಬಚ್ಚಲೊಳಗಿಂದ ಅವ್ವ ಅಭ್ಯಾಸಬಲದಿಂದ "ನೂರು ವರ್ಷ" ಎಂದುಬಿಟ್ಟಳು.

ಆಮೇಲೆ ಹಾಸಿಗೆಯ ಮೇಲೆ ಮೂರು ಬುಟ್ಟಿ, ಮೂರು ಹಸಿರು ಕುಬಸ, ಅವುಗಳ ಪಕ್ಕ ಅಳತೆಗೆ ಒಯ್ದಿದ್ದ ನನ್ನ ಮೂರು ಬ್ಲೌಸ್. ಮೂವರೂ ಒಬ್ಬರ ಮೇಲೊಬ್ಬರು ಸಿಟ್ಟಾಗಿ ನಿಂತಿದ್ದರು. ನನಗೆ ನಗು ಬಂತು. ಎಷ್ಟು ನಕ್ಕೆನೆಂದರೆ ಅದು ಯಾವಾಗ ಅಳುವಾಯಿತೋ ನನಗೇ ತಿಳಿಯಲಿಲ್ಲ.

"ನಾ ಬಸರಿ ಅಲ್ಲ," ಎಂದೆ. "ಇವತ್ತ ಮುಂಜಾನೆ ಮುಟ್ಟಾಗೀನಿ. ಆ ಮಾತ್ರಿ ಬಸರಾಗೂಕಿಂತ ಮೊದಲ ತಗೋಳ್ಳೂವು. ಎಷ್ಟು ತಿಂಗಳಿಂದ ಕಾಯಾಕತ್ತೀನಿ, ಆಗವಲ್ತು."

ನಾನು ಯಾವ ಮುಖಗಳಿಗೆ ಹೆದರಿ ಗುಟ್ಟು ಮಾಡಿದ್ದೆನೋ ಆ ಮೂರೂ ಮುಖಗಳು ನನ್ನ ಮುಂದೆಯೇ ಇದ್ದವು. ಅವ್ವ ಸೆರಗಿನಿಂದ ನನ್ನ ಕಣ್ಣು ಒರೆಸಿದಳು. ಮುಟ್ಟು ಎಂದು ಅತ್ತೆ ದೂರ ನಿಲ್ಲಲಿಲ್ಲ, ಹತ್ತಿರ ಬಂದು ಪಕ್ಕದಲ್ಲೇ ಕೂತರು.

"ಮಾತ್ರಿ ಬಿಟ್ಟದ್ದು ನನಗ ಅವತ್ತ ಗೊತ್ತಾಗೈತಿ, ಆ ಮೆಡಿಕಲ್‌ನವ ರೋಡಿಗೆ ಬಂದು ಕೇಳಿದಾಗ," ಎನ್ನುತ್ತಾ ಅತ್ತೆ ಬುಟ್ಟಿಯ ಬಟ್ಟೆ ಸರಿಸಿದರು. "ಒಬ್ಬಾಕೀನ ಯಾಕ ಕಾಯ್ತಿ? ನಾವೂ ಕಾಯ್ತೀವಿ ತಗೋ. ಹೋಳಿಗಿ ಆರ್ತಾವ, ಮೊದ್ಲ ಉಣ್ಣು."

ಮೂರು ಬುಟ್ಟಿಯ ಬುತ್ತಿ ಉಂಡೆ. ಮೂವರೂ ಸೇರಿ ಕುಬಸ ತೊಡಿಸಿ ನೋಡಿದರು. ಬಂಡ್ರಿಯ ಟೇಲರಿನದು ಮೊಣಕೈ ದಾಟಲಿಲ್ಲ, ಕಂಪ್ಲಿಯದರಲ್ಲಿ ನನ್ನಂಥ ಇಬ್ಬರು ಹಿಡಿಸುತ್ತಿದ್ದರು. ನಾನು ಹೊಲಿದದ್ದೊಂದೇ ಸರಿಯಾಗಿ ಕೂತಿತು. ಎಲ್ಲ ಮುಗಿದು ಅವ್ವ ತಾನು ತಂದಿದ್ದ ಹಸಿರು ಬಳೆಗಳನ್ನು ವಾಪಸ್ ಕಟ್ಟುತ್ತಿರುವಾಗ ಅಜ್ಜಿ ಮಾತ್ರ ಒಪ್ಪಲೇ ಇಲ್ಲ. ಏಳು ಹಡೆದವಳು ನಾನು, ನನಗೆ ಗೊತ್ತಿಲ್ಲವೇ ಎಂದಳು.

"ನಾವು ಮೂರು ಮಂದಿ ಈ ಮನಿಯಾಗ ಅಡಗಿ ಕುಂತಿದ್ವಿಲ್ಲ, ಹಂಗ ಅದೂ ಎಲ್ಲೋ ಅಡಗಿ ಕುಂತೈತಿ. ಬರ್ತದ ಸುಮ್ನಿರು. ಹಾಕಿದ ಕುಬಸ ನಾ ವಾಪಸ್ ಒಯ್ಯಂಗಿಲ್ಲ."

ಅಂದಿನಿಂದ ಗೋಡೆಗೆ ಕಾಲಿಲ್ಲ, ತಿಂಗಳ ಪೂಜೆ ಇಲ್ಲ. ಮನೆಯವರಿಗೆಲ್ಲ ಗೊತ್ತಾದ ಮೇಲೆ ಹೆದರಲು ಏನೂ ಉಳಿದಿರಲಿಲ್ಲ. ಓಣಿಯವರಿಗೆ ಮಾತ್ರ ನಾನು ಬಸುರಿಯಲ್ಲ ಎಂದು ಅಜ್ಜಿ ಹೇಳಲೇ ಇಲ್ಲ. ಮಳೆಗಾಲ ಶುರುವಾಗುವ ಹೊತ್ತಿಗೆ, ಗಂಡನಿಗೆ ವಾರಪೂರ್ತಿ ರಾತ್ರಿ ಪಾಳಿ ಇದ್ದ ತಿಂಗಳಲ್ಲೇ, ಹೇಗೋ ಏನೋ, ನಾನು ಬಸುರಾದೆ. ಡಾಕ್ಟರಮ್ಮನಿಗಿಂತ ಮೊದಲು ಆ ಮೂವರಿಗೆ ಹೇಳಿದೆ. ಅವ್ವ ಅತ್ತಳು, ಅತ್ತೆ ದೀಪ ಹಚ್ಚಿದರು. ಅಜ್ಜಿ ಮಾತ್ರ ಇದರಲ್ಲಿ ಹೊಸದೇನಿದೆ ಎಂಬಂತೆ ನೋಡಿ, ಈಗ ಗೊತ್ತಾತೇನು ಎಂದಳು.

ಮಗಳು ಹುಟ್ಟಿದಳು. ನೋಡಲು ಓಣಿಯ ಹೆಂಗಸರೆಲ್ಲ ಬಂದು ತುಂಬಿಕೊಂಡರು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅಜ್ಜಿ ನಡುವೆ ಕೂತಿದ್ದಳು. ಹಾಲಿನವಳು ಬೆರಳು ಮಡಚಿ ಮಡಚಿ ನೋಡಿ, ಅಲ್ಲ ಅಜ್ಜಿ, ಕಳ್ಳ ಕುಬಸ ಮಾಡಿದ್ದು ಹೋದ ಬೇಸಿಗೆಯಲ್ಲಿ, ಈಗ ಹಡೆದಿದ್ದಾಳೆ, ಲೆಕ್ಕ ಹೇಗೆ ಕೂಡುತ್ತದೆ ಎಂದು ಕೇಳಿಯೇಬಿಟ್ಟಳು. ಎಲ್ಲರೂ ನನ್ನ ಕಡೆ ತಿರುಗಿದರು. ನಿಜ ಹೇಳಿಬಿಡಬಹುದಿತ್ತು. ಹೇಳಲು ಮನಸ್ಸಾಗಲಿಲ್ಲ. ನಾನು ಸೋತು ಬಿದ್ದುಕೊಂಡಿದ್ದ ದಿನವೂ ಆ ಮುದುಕಿ ನನ್ನ ಮಗಳನ್ನು ಬಿಟ್ಟುಕೊಟ್ಟಿರಲಿಲ್ಲ. ಆ ತಿಂಗಳುಗಳೂ ಲೆಕ್ಕಕ್ಕೆ ಸೇರಲಿ ಎನಿಸಿತು.

ಅಜ್ಜಿ ಯಾರ ಮುಖವನ್ನೂ ನೋಡಲಿಲ್ಲ. ಮಗುವಿನ ಟೋಪಿ ತೆಗೆದಳು. ಕಪ್ಪಗೆ ದಟ್ಟ ಕೂದಲು ಕಿವಿಯವರೆಗೆ ಇಳಿದಿತ್ತು.

"ನೋಡ್ರಿ, ಸುಮ್ನ ಬಂದಾವೇನು ಇಷ್ಟು ಕೂದ್ಲ? ಹದಿನಾಕು ತಿಂಗ್ಳ ಒಳಗ ಕುಂತು ಬೆಳಸ್ಯಾಳ."